ಗಟ್ಟಿ ಸ್ಪ್ರಿಂಗ್ ಹಾಕಿಸುವ ಮುನ್ನ ಆಯಿಲ್ ನೋಡಿ

ಭಾನುವಾರ ನಸುಕಿನಲ್ಲಿ ನಂದಿಬೆಟ್ಟ ಏರುವ ಬೈಕುಗಳ ಸಾಲಿನಲ್ಲಿ ಗೇರು ಕೆಳಗಿರುತ್ತದೆ, ಎಂಜಿನ್ ಜೋರಾಗಿ ಓಡುತ್ತಿರುತ್ತದೆ, ಗಾಡಿ ಮಾತ್ರ ನಿಧಾನ. ಆಯಿಲ್ ಕೂಲರಿಗೆ ಸಾಕಷ್ಟು ಗಾಳಿಯೇ ತಗಲುವುದಿಲ್ಲ. ಬೆಟ್ಟ ಇಳಿದು ಚಿಕ್ಕಬಳ್ಳಾಪುರದ ಗ್ಯಾರೇಜಿಗೆ ಬಂದು, ‘ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ ಉಸಿರು ಕಟ್ಟುತ್ತದೆ, ಗಟ್ಟಿ ವಾಲ್ವ್ ಸ್ಪ್ರಿಂಗ್ ಹಾಕಿ’ ಎನ್ನುವವರು ಮೊದಲು ವಿಚಾರಿಸಬೇಕಾದದ್ದು ಆಯಿಲ್‌ನ ಸ್ಥಿತಿಯನ್ನು.

ಎಂಜಿನ್ನಿನ ಒಳಗೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ವಾಲ್ವುಗಳನ್ನು ಒತ್ತಿ ತೆರೆಯುವುದು ಕ್ಯಾಮ್‌ಶಾಫ್ಟ್, ಮತ್ತೆ ಮುಚ್ಚುವುದು ಸ್ಪ್ರಿಂಗ್. ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುವಾಗ ಕ್ಯಾಮ್‌ಶಾಫ್ಟ್ 4,500 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ಸ್ಪ್ರಿಂಗ್ ಸೆಕೆಂಡಿಗೆ 75 ಬಾರಿ ಅದುಮಿ ಬಿಚ್ಚಿಕೊಳ್ಳುತ್ತದೆ. ತಂತಿಯ ಒಳಗಿನ ಘರ್ಷಣೆಯೂ ಸುರುಳಿಯಿಂದ ಸುರುಳಿಗೆ ಓಡುವ ಕಂಪನವೂ ಶಾಖವಾಗುತ್ತವೆ. ಸ್ಪ್ರಿಂಗಿನ ಎರಡು ತುದಿಗಳಷ್ಟೇ ಬೇರೆ ಲೋಹಕ್ಕೆ ತಾಗಿರುವುದರಿಂದ, ಈ ಶಾಖವನ್ನು ಬಹುಪಾಲು ಹೊತ್ತೊಯ್ಯಬೇಕಾದದ್ದು ಮೇಲೆ ಚಿಮ್ಮುವ ಆಯಿಲ್. ರೇಸ್ ಎಂಜಿನ್ನುಗಳಲ್ಲಿ ಇದಕ್ಕೆಂದೇ ಸ್ಪ್ರಿಂಗಿನ ಮೇಲೆ ಆಯಿಲ್ ಸಿಂಪಡಿಸುವ ಸಣ್ಣ ನಳಿಗೆಗಳನ್ನು ಇಡುವುದುಂಟು. ಶಾಖ ಇಳಿಯದಿದ್ದರೆ ಕ್ರೋಮ್-ಸಿಲಿಕಾನ್ ಉಕ್ಕಿನ ಒಳ್ಳೆಯ ಸ್ಪ್ರಿಂಗ್ ಕೂಡ ಬಿಗಿ ಕಳೆದುಕೊಳ್ಳುತ್ತದೆ, ವಾಲ್ವ್ ಕ್ಯಾಮಿನ ಜೊತೆ ಇಳಿದು ಮುಚ್ಚಿಕೊಳ್ಳದೆ ತೇಲುತ್ತದೆ; ಎಂಜಿನ್ ಉಸಿರು ಕಟ್ಟುವುದು ಆಗಲೇ.

ಆದ್ದರಿಂದ ಮೊದಲು ಆಯಿಲ್‌ನ ಮಟ್ಟ ಮತ್ತು ಗ್ರೇಡನ್ನು ಕೈಪಿಡಿಯೊಂದಿಗೆ ತಾಳೆ ನೋಡಿ. ಕೂಲರಿನ ರೆಕ್ಕೆಗಳಲ್ಲಿ ಕೂತ ಕೆಂಧೂಳನ್ನು ಮೆದು ಬ್ರಷ್ಷಿನಿಂದ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ವಾಟರ್ ಸರ್ವಿಸ್ ಪೈಪನ್ನು ನೇರ ಹಿಡಿದರೆ ರೆಕ್ಕೆಗಳು ಮಡಚಿಹೋಗುತ್ತವೆ. ವಾಲ್ವುಗಳು ಕೂತಿರುವ ಎಂಜಿನ್ನಿನ ಮೇಲ್ಭಾಗಕ್ಕೆ, ಅಂದರೆ ಹೆಡ್ಡಿಗೆ, ಆಯಿಲ್ ಏರುವ ದಾರಿ ಕಟ್ಟಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ಎಂಜಿನ್ನಿನ ಕೆಳಭಾಗದಲ್ಲಿ ಆಯಿಲ್ ಒತ್ತಡ ಹೆಚ್ಚಲಿ ಎಂದು ಈ ದಾರಿಯನ್ನು ಕಿರಿದು ಮಾಡಿಸುವವರಿದ್ದಾರೆ. ಅದು ಸ್ಪ್ರಿಂಗಿನ ಬಾಯಿಂದ ನೀರು ಕಿತ್ತಂತೆ.

ಇಷ್ಟಾದರೂ ದೋಷ ಉಳಿದರೆ ಹೆಡ್ ಇಳಿಸಿ. ಬಿಚ್ಚಿದ ಸ್ಪ್ರಿಂಗ್, ಅದನ್ನು ವಾಲ್ವಿಗೆ ಹಿಡಿದಿಡುವ ಲಾಕ್‌ಗಳನ್ನು ಮೊಟ್ಟೆಯ ಟ್ರೇನ ಗುಳಿಗಳಲ್ಲಿ ವಾಲ್ವಿನ ಸಂಖ್ಯೆ ಬರೆದು ಇಡುವುದು ಅಗ್ಗದ, ಆದರೆ ತಪ್ಪಿಲ್ಲದ ಉಪಾಯ. ಸ್ಪ್ರಿಂಗನ್ನು ಕಟಿಂಗ್ ಪ್ಲೇಯರಿನಿಂದ ಹಿಡಿಯಲೇಬೇಡಿ: ಬಿರುಕು ಹುಟ್ಟುವುದು ಅಂಥ ಒಂದು ಗೀರಿನಿಂದಲೇ. ವರ್ನಿಯರಿನಲ್ಲಿ ಸ್ಪ್ರಿಂಗಿನ ಬಿಡಿ ಉದ್ದ, ಅಂದರೆ ಅದುಮದೆ ಇರುವಾಗಿನ ಉದ್ದ, ಅಳೆಯಿರಿ. ದಪ್ಪ ಗಾಜಿನ ಮೇಲೆ ನಿಲ್ಲಿಸಿ, ಪಕ್ಕಕ್ಕೆ ಮೂಲೆಮಟ್ಟ ಹಿಡಿದು ಮೆಲ್ಲಗೆ ತಿರುಗಿಸಿದರೆ ವಾಲಿಕೆ ಕಣ್ಣಿಗೇ ಕಾಣುತ್ತದೆ. ಉದ್ದ ಸರಿಯಿದ್ದೂ ಬಿಗಿ ಹೋಗಿರಬಹುದಾದ್ದರಿಂದ, ವಾಲ್ವ್ ಮುಚ್ಚಿರುವಾಗ ಅದು ಕೂರುವ ಎತ್ತರಕ್ಕೆ ಅದುಮಿದಾಗಿನ ಒತ್ತಡವನ್ನು ಟೆಸ್ಟರಿನಲ್ಲಿ ನೋಡಿಸದೆ ತೀರ್ಮಾನಿಸಬೇಡಿ. ಒಂದು ಸೋತಿದ್ದರೂ ಇಡೀ ಸೆಟ್ಟನ್ನೇ ಬದಲಿಸುವುದು ಒಳಿತು.

ಅಗತ್ಯಕ್ಕಿಂತ ಗಟ್ಟಿಯಾದ ಸ್ಪ್ರಿಂಗ್ ಕ್ಯಾಮನ್ನು ಸವೆಸುತ್ತದೆ, ಶಾಖವನ್ನೂ ಹೆಚ್ಚಿಸುತ್ತದೆ. ನನ್ನ ಮಟ್ಟಿಗೆ ಅದು ದುಡ್ಡು ಕೊಟ್ಟು ತರುವ ತೊಂದರೆ. ಒಂದು ಕಡೆ ಸುರುಳಿ ಒತ್ತಾಗಿರುವ ಸ್ಪ್ರಿಂಗಾದರೆ, ಕೈಪಿಡಿ ಬೇರೆ ಹೇಳದ ಹೊರತು, ಆ ಕಡೆಯನ್ನು ಹೆಡ್ಡಿನತ್ತ ಇಡಿ. ಕೂರಿಸುವಾಗ ಆಯಿಲ್ ಸವರಿ. ಎಂಜಿನ್ನನ್ನು ಕೈಯಿಂದ ತಿರುಗಿಸಿ, ವಾಲ್ವ್ ಪೂರ್ತಿ ತೆರೆದಾಗಲೂ ಸುರುಳಿಗಳು ಒಂದಕ್ಕೊಂದು ಒತ್ತಿ ನಿಲ್ಲುವುದಿಲ್ಲವೆಂದು ನೋಡಿಕೊಳ್ಳಿ. ಮೊದಲ ಬಾರಿ ಮಧ್ಯಮ ವೇಗದಲ್ಲಿ ಓಡಿಸಿ, ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ ಪೂರ್ತಿ ತಣಿಯಲು ಬಿಡಿ. ಬೆಟ್ಟದ ದಾರಿ ಹಿಡಿಯುವುದು ಅದಾದ ನಂತರ.