ಸಾಂಕ್ರಾಮಿಕದ ಕಾಲದಲ್ಲಿ ಕ್ರೂಸ್ ಪ್ರಯಾಣ: ಪರೀಕ್ಷೆ, ಲಸಿಕೆ ಮತ್ತು ದಾಖಲೆಗಳ ಸಿದ್ಧತೆ ಹೇಗಿರಬೇಕು?

2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆದು ನಿಲ್ಲಿಸಲಾದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ ಪ್ರಯಾಣಿಕರೂ ಸಿಬ್ಬಂದಿಯೂ ಸೇರಿ 3,711 ಜನರಿದ್ದರು. ಅವರಲ್ಲಿ 712 ಮಂದಿಗೆ ಕೋವಿಡ್ ಸೋಂಕು ದೃಢಪಟ್ಟಿತು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ ಬಹುಪಾಲು ಮಂದಿ ಸಿಬ್ಬಂದಿಯಾಗಿದ್ದು, ಕಾರವಾರದ ಯುವಕರೊಬ್ಬರೂ ಅವರ ನಡುವೆ ಇದ್ದರು. ಮರುತಿಂಗಳು, ಮಾರ್ಚ್ ಮೊದಲ ವಾರದಲ್ಲಿ, ದುಬೈ ಕಡೆಯಿಂದ ಬಂದ ಎಂಎಸ್‌ಸಿ ಲಿರಿಕಾ ಹಡಗಿಗೆ ನವಮಂಗಳೂರು ಬಂದರು ಪ್ರವೇಶ ನಿರಾಕರಿಸಿತು. ಅದೇ ತಿಂಗಳ 14ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಕ್ರೂಸ್ ಹಡಗುಗಳ ಸಂಚಾರವನ್ನೇ ನಿಲ್ಲಿಸುವ ಆದೇಶ ಹೊರಡಿಸಿತು.

ಆ ಕಾಲದ ನಿಯಮಗಳು ಇಂದು ಜಾರಿಯಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸುವ ಹೊತ್ತಿಗೆ ಬಹುತೇಕ ದೇಶಗಳು ಅವನ್ನು ಸಡಿಲಿಸಿದ್ದವು. ಆದರೆ ಇನ್ನೊಂದು ಸಾಂಕ್ರಾಮಿಕ ಬಂದಾಗ ಸರ್ಕಾರಗಳೂ ಹಡಗು ಕಂಪನಿಗಳೂ ಮೊದಲು ತೆರೆದು ನೋಡುವುದು ಇದೇ ಹಳೆಯ ಕಡತವನ್ನು. ಆದ್ದರಿಂದ ಕೋವಿಡ್ ಕಾಲದ ನಿಯಮಗಳನ್ನೇ ಮಾದರಿಯಾಗಿಟ್ಟುಕೊಂಡು ಪ್ರಯಾಣಿಕರು ಹೇಗೆ ಸಿದ್ಧರಾಗಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾರ ನಿಯಮ ಅನ್ವಯಿಸುತ್ತದೆ?

ವಿಮಾನ ಪ್ರಯಾಣದಲ್ಲಿ ಸಾಮಾನ್ಯವಾಗಿ ಹೊರಡುವ ದೇಶ ಮತ್ತು ತಲುಪುವ ದೇಶಗಳ ನಿಯಮಗಳನ್ನು ನೋಡಿಕೊಂಡರೆ ಸಾಕು. ಕ್ರೂಸ್‌ನಲ್ಲಿ ಹಾಗಲ್ಲ. ಹಡಗು ಕಂಪನಿಯ ಷರತ್ತು, ಹಡಗು ಹತ್ತುವ ದೇಶದ ನಿಯಮ, ನಡುವೆ ತಂಗುವ ಪ್ರತಿಯೊಂದು ಬಂದರಿನ ನಿಯಮ, ಹಡಗಿನವರೆಗೆ ಕರೆದೊಯ್ಯುವ ವಿಮಾನದ ನಿಯಮ, ಕೊನೆಗೆ ಊರಿಗೆ ಮರಳುವಾಗ ಭಾರತದ ನಿಯಮ ಎಲ್ಲವೂ ಒಟ್ಟಿಗೆ ಅನ್ವಯಿಸುತ್ತವೆ. ಇವುಗಳಲ್ಲಿ ಯಾವುದು ಅತಿ ಕಟ್ಟುನಿಟ್ಟೋ ಅದನ್ನೇ ಪಾಲಿಸಬೇಕು. ಸರ್ಕಾರ ಕೇಳದ ಪರೀಕ್ಷೆಯನ್ನು ಕಂಪನಿ ಕೇಳಬಹುದು, ಹಾಗೆ ಕೇಳುವ ಅಧಿಕಾರವನ್ನು ಟಿಕೆಟ್ ಒಪ್ಪಂದವೇ ಅದಕ್ಕೆ ಕೊಟ್ಟಿರುತ್ತದೆ. ಅಮೆರಿಕದಲ್ಲಿ 2020ರ ಅಕ್ಟೋಬರ್ 30ರಂದು ಬಂದ ಷರತ್ತುಬದ್ಧ ಸಂಚಾರ ಆದೇಶ 2022ರ ಜನವರಿ 15ಕ್ಕೆ ಮುಗಿಯಿತು, ಅದರ ನಂತರದ ಸ್ವಯಂಪ್ರೇರಿತ ಕಾರ್ಯಕ್ರಮವೂ ಆ ವರ್ಷದ ಜುಲೈ 18ಕ್ಕೆ ನಿಂತಿತು. ಅಲ್ಲಿಂದ ಮುಂದೆ ಯಾರನ್ನು ಹತ್ತಿಸಿಕೊಳ್ಳಬೇಕು, ಯಾವ ಪರೀಕ್ಷೆ ಕೇಳಬೇಕು ಎಂಬುದನ್ನು ಆಯಾ ಕಂಪನಿಗಳೇ ತೀರ್ಮಾನಿಸಿದವು. ‘ಸರ್ಕಾರ ನಿಯಮ ತೆಗೆದಿದೆಯಲ್ಲ’ ಎಂದು ಟರ್ಮಿನಲ್‌ನಲ್ಲಿ ವಾದಿಸಿ ಪ್ರಯೋಜನವಿರಲಿಲ್ಲ.

ಹೀಗಾಗಿ ಟಿಕೆಟ್ ಕಾಯ್ದಿರಿಸಿದ ದಿನವೇ ಒಂದು ಹಾಳೆಯಲ್ಲಿ ಪ್ರವಾಸದ ಎಲ್ಲ ಬಂದರುಗಳನ್ನು ಕ್ರಮವಾಗಿ ಬರೆದು, ಪ್ರತಿಯೊಂದರ ಮುಂದೆ ಬೇಕಾದ ಪರೀಕ್ಷೆ, ಲಸಿಕೆ, ವೀಸಾ ಮತ್ತು ಆನ್‌ಲೈನ್ ಅರ್ಜಿಗಳನ್ನು ಗುರುತು ಹಾಕಿಕೊಳ್ಳಬೇಕು. ಹೊರಡುವುದಕ್ಕೆ ಎರಡು ವಾರ ಇರುವಾಗ ಒಮ್ಮೆ, ಮೂರು ದಿನ ಇರುವಾಗ ಇನ್ನೊಮ್ಮೆ ಅದೇ ಹಾಳೆಯನ್ನು ಕಂಪನಿಯ ಅಧಿಕೃತ ಪುಟದೊಂದಿಗೆ ತಾಳೆ ನೋಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂಧುಗಳು ಕಳಿಸಿದ ಪಟ್ಟಿ ಎಷ್ಟೇ ವಿವರವಾಗಿದ್ದರೂ ಅದು ಅವರು ಹೋದ ತಿಂಗಳ ನಿಯಮ. ನಡುವಿನ ಬಂದರೊಂದು ಹಡಗನ್ನು ಒಳಗೆ ಬಿಡದಿದ್ದರೆ ಮಾರ್ಗ ಬದಲಿಸುವ ಹಕ್ಕು ಕಂಪನಿಗೆ ಇರುತ್ತದೆ ಎಂಬುದನ್ನೂ ನೆನಪಿಡಬೇಕು. ಯಾವುದೋ ಒಂದು ದ್ವೀಪವನ್ನು ನೋಡಲೆಂದೇ ಕ್ರೂಸ್ ಆರಿಸಿಕೊಳ್ಳುವುದು ಅಂಥ ಕಾಲದಲ್ಲಿ ಜಾಣತನವಲ್ಲ.

ವೀಸಾ ವಿಷಯದಲ್ಲಿ ಒಂದೇ ಮಾತು. ಮಯಾಮಿಯಿಂದ ಹೊರಟ ಹಡಗು ಬಹಾಮಾಸ್‌ಗೆ ಹೋಗಿ ಮರಳಿದರೆ ನೀವು ಅಮೆರಿಕವನ್ನು ಎರಡನೇ ಬಾರಿ ಪ್ರವೇಶಿಸಿದಂತೆ, ಆದ್ದರಿಂದ ಬಹುಪ್ರವೇಶದ ವೀಸಾ ಬೇಕಾಗುತ್ತದೆ. ಮೆಡಿಟರೇನಿಯನ್ ಕ್ರೂಸ್ ನಡುವೆ ಟರ್ಕಿಗೆ ಹೋಗಿ ಬರುವುದಾದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗನ್ ವೀಸಾಕ್ಕೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಟರ್ಕಿ ಆ ಗುಂಪಿನಲ್ಲಿಲ್ಲ.

ದಿನ ಎಣಿಸುವ ಲೆಕ್ಕ

ಪರೀಕ್ಷೆ ಮಾಡಿಸುವುದು ಕಷ್ಟವಲ್ಲ, ಸರಿಯಾದ ಹೊತ್ತಿಗೆ ಮಾಡಿಸುವುದು ಕಷ್ಟ. 2021ರ ಡಿಸೆಂಬರ್ ನಿಯಮಗಳಂತೆ ಬೆಂಗಳೂರಿನ ದಂಪತಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿ, ಅಲ್ಲಿಂದ ಶನಿವಾರ ಹೊರಡುವ ಕ್ರೂಸ್ ಹತ್ತಿ, ನಂತರ ಊರಿಗೆ ಮರಳುತ್ತಾರೆ ಎಂದಿಟ್ಟುಕೊಳ್ಳೋಣ. ಅವರಿಗೆ ಕನಿಷ್ಠ ಮೂರು ಪರೀಕ್ಷೆಗಳು ಬೇಕಾಗುತ್ತಿದ್ದವು, ಮೂರಕ್ಕೂ ಎಣಿಕೆಯ ರೀತಿ ಬೇರೆ ಬೇರೆ.

ಅಮೆರಿಕಕ್ಕೆ ವಿಮಾನ ಹತ್ತಲು ಡಿಸೆಂಬರ್ 6ರಿಂದ ಬೇಕಾಗಿದ್ದದ್ದು ಹೊರಡುವುದಕ್ಕೆ ಒಂದು ದಿನದೊಳಗಿನ ಪರೀಕ್ಷೆ. ಇಲ್ಲಿ ಎಣಿಸುತ್ತಿದ್ದುದು ಗಂಟೆಯನ್ನಲ್ಲ, ದಿನಾಂಕವನ್ನು. ಶುಕ್ರವಾರದ ವಿಮಾನಕ್ಕೆ ಗುರುವಾರ ಯಾವ ಹೊತ್ತಿನಲ್ಲಿ ಮಾದರಿ ಕೊಟ್ಟರೂ ನಡೆಯುತ್ತಿತ್ತು. ನಮ್ಮವರು ಎಡವುತ್ತಿದ್ದುದು ಇಲ್ಲಿಯೇ. ಬೆಂಗಳೂರಿನಿಂದ ದೂರದೇಶಗಳಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಶುಕ್ರವಾರ ಬೆಳಗಿನ ಜಾವ ಎರಡೂವರೆಯ ವಿಮಾನವನ್ನು ಮನೆಯವರೆಲ್ಲ ‘ಗುರುವಾರ ರಾತ್ರಿಯ ವಿಮಾನ’ ಎಂದೇ ಕರೆಯುತ್ತಾರೆ, ಅದಕ್ಕೆ ‘ಒಂದು ದಿನ ಮುಂಚೆ’ ಎಂದು ಬುಧವಾರ ಸ್ವ್ಯಾಬ್ ಕೊಟ್ಟುಬಿಡುತ್ತಾರೆ. ಬುಧವಾರದ ವರದಿ ಆ ವಿಮಾನಕ್ಕೆ ಸಲ್ಲುವುದಿಲ್ಲ. ಟಿಕೆಟ್‌ನಲ್ಲಿ ಮುದ್ರಿತವಾದ ದಿನಾಂಕವನ್ನೇ ಹಿಡಿದು ಹಿಂದಕ್ಕೆ ಎಣಿಸಬೇಕು. ಒಂದೇ ಬುಕಿಂಗ್‌ನಲ್ಲಿ ವಿಮಾನ ಬದಲಿಸುವವರಿಗೆ ಮೊದಲ ವಿಮಾನದ ದಿನಾಂಕವೇ ಲೆಕ್ಕಕ್ಕೆ ಬರುತ್ತಿತ್ತು.

ಕ್ರೂಸ್‌ಗೆ ಲಸಿಕೆ ಪೂರ್ಣಗೊಳಿಸಿದವರಿಂದ ಹತ್ತುವ ದಿನಕ್ಕೆ ಎರಡು ದಿನದೊಳಗಿನ ಪರೀಕ್ಷೆ ಕೇಳುತ್ತಿದ್ದರು. ಶನಿವಾರದ ಹಡಗಿಗೆ ಗುರುವಾರ ಅಥವಾ ಶುಕ್ರವಾರ ಮಾಡಿಸಿದರೆ ಸರಿ. ವಿಮಾನಕ್ಕಾಗಿ ಬೆಂಗಳೂರಿನಲ್ಲಿ ಮಾಡಿಸಿದ ವರದಿ ಒಂದು ವಾರದ ನಂತರ ಹಡಗಿಗೆ ಉಪಯೋಗಕ್ಕೆ ಬಾರದು. ಭಾರತಕ್ಕೆ ಮರಳುವಾಗಲಂತೂ ಎಣಿಕೆ ಗಂಟೆಗಳದ್ದು: ಪ್ರಯಾಣ ಆರಂಭಕ್ಕೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿಯನ್ನು ಭಾರತ ಸರ್ಕಾರದ ಏರ್ ಸುವಿಧಾ ಪೋರ್ಟಲ್‌ಗೆ ಏರಿಸಬೇಕಾಗಿತ್ತು, ಆ್ಯಂಟಿಜೆನ್ ವರದಿಯನ್ನು ಅಲ್ಲಿ ಒಪ್ಪುತ್ತಿರಲಿಲ್ಲ. ದುಬೈಗೆ ಹೋಗಿ ಅಲ್ಲಿಂದ ಕ್ರೂಸ್ ಹತ್ತುವವರಿಗೆ 2021ರ ಆಗಸ್ಟ್ ನಂತರ ಇನ್ನೂ ಬಿಗಿಯಾದ ನಿಯಮವಿತ್ತು. 48 ಗಂಟೆಯೊಳಗಿನ ವರದಿಯ ಜೊತೆಗೆ, ವಿಮಾನ ಹೊರಡುವ ಆರು ಗಂಟೆಯೊಳಗೆ ಭಾರತದ ವಿಮಾನ ನಿಲ್ದಾಣದಲ್ಲೇ ರ‍್ಯಾಪಿಡ್ ಪಿಸಿಆರ್ ಮಾಡಿಸಬೇಕಾಗಿತ್ತು.

ಗಂಟೆಗಳ ಎಣಿಕೆ ಮಾದರಿ ಕೊಟ್ಟ ಕ್ಷಣದಿಂದ ಆರಂಭವಾಗುತ್ತದೆಯೇ ಹೊರತು ವರದಿ ಕೈಗೆ ಬಂದಾಗಿನಿಂದ ಅಲ್ಲ. ಲ್ಯಾಬ್ ವರದಿಯಲ್ಲಿ ಮಾದರಿ ಸಂಗ್ರಹಿಸಿದ ಸಮಯ, ಲ್ಯಾಬ್‌ಗೆ ತಲುಪಿದ ಸಮಯ, ವರದಿ ನೀಡಿದ ಸಮಯ ಎಂದು ಮೂರು ಸಮಯಗಳಿರುತ್ತವೆ. ಮೊದಲನೆಯದು ಖಾಲಿಯಿದ್ದರೆ ಅಥವಾ ದಿನಾಂಕವಷ್ಟೇ ಇದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳಬೇಕು. ಚೆಕ್-ಇನ್ ಕೌಂಟರ್‌ನಲ್ಲಿ ನಿಂತು ಲ್ಯಾಬ್‌ಗೆ ಫೋನ್ ಮಾಡುವ ಪಾಡು ಬೇಡ.

ಯಾವ ಪರೀಕ್ಷೆ?

ಆರ್‌ಟಿ-ಪಿಸಿಆರ್ ವೈರಸ್ಸಿನ ವಂಶವಾಹಿ ಅಂಶವನ್ನು ಹಲವು ಪಟ್ಟು ಹೆಚ್ಚಿಸಿ ಪತ್ತೆ ಮಾಡುವುದರಿಂದ ಅದರ ಸೂಕ್ಷ್ಮತೆ ಹೆಚ್ಚು, ಫಲಿತಾಂಶಕ್ಕೆ ಹಿಡಿಯುವ ಸಮಯವೂ ಹೆಚ್ಚು. ಆ್ಯಂಟಿಜೆನ್ ಪರೀಕ್ಷೆ ಹದಿನೈದು-ಇಪ್ಪತ್ತು ನಿಮಿಷದಲ್ಲಿ ಉತ್ತರ ಕೊಡುತ್ತದೆ, ಆದರೆ ಸೋಂಕಿನ ಆರಂಭದ ದಿನಗಳಲ್ಲಿ ಅದನ್ನು ತಪ್ಪಿಸಿಬಿಡಬಹುದು. ಮನೆಯಲ್ಲಿ ತಾವೇ ಮಾಡಿಕೊಂಡ ಕಿಟ್‌ನ ಪಟ್ಟಿಯ ಫೋಟೊ ತೋರಿಸಿದರೆ ಯಾರೂ ಒಪ್ಪುತ್ತಿರಲಿಲ್ಲ. ವಿಡಿಯೊ ಕರೆಯಲ್ಲಿ ಅಧಿಕೃತ ವ್ಯಕ್ತಿಯೊಬ್ಬರು ನೋಡುತ್ತಿರುವಾಗ ಮಾಡಿ, ಅವರಿಂದ ವರದಿ ಪಡೆಯುವ ಕಿಟ್‌ಗಳಿಗೆ ಅಮೆರಿಕದಲ್ಲಿ ಮಾನ್ಯತೆ ಇತ್ತು. ಹಬ್ಬದ ರಜೆಯಲ್ಲಿ ಲ್ಯಾಬ್ ಮುಚ್ಚಿರುವಾಗ ಅದು ಬಹಳ ಅನುಕೂಲವಾಗುತ್ತಿತ್ತು.

ಇತ್ತೀಚೆಗೆ ಸೋಂಕು ತಗುಲಿ ಗುಣವಾದವರು ವಿಶೇಷವಾಗಿ ಎಚ್ಚರ ವಹಿಸಬೇಕು. ಗುಣವಾದ ಮೇಲೂ ಹಲವು ವಾರಗಳವರೆಗೆ, ಕೆಲವರಲ್ಲಿ ಮೂರು ತಿಂಗಳವರೆಗೂ, ಆರ್‌ಟಿ-ಪಿಸಿಆರ್ ಪಾಸಿಟಿವ್ ಬರಬಹುದು. ಅಮೆರಿಕದ ನಿಯಮದಲ್ಲಿ ಅಂಥವರು 90 ದಿನಗಳೊಳಗಿನ ಪಾಸಿಟಿವ್ ವರದಿ ಮತ್ತು ಗುಣವಾಗಿದ್ದಾರೆಂಬ ವೈದ್ಯರ ಪತ್ರ ತೋರಿಸಿ ಪ್ರಯಾಣಿಸಬಹುದಾಗಿತ್ತು. ಕಾಯಿಲೆ ಬಿದ್ದಾಗಿನ ಪಾಸಿಟಿವ್ ವರದಿಯನ್ನು ಯಾರೂ ಜೋಪಾನವಾಗಿ ಇಟ್ಟುಕೊಳ್ಳುವುದಿಲ್ಲ, ಆದರೆ ಇಲ್ಲಿ ಬೇಕಾಗುವುದು ಅದೇ.

ತಪ್ಪು ಪಾಸಿಟಿವ್ ಕೂಡ ಸಾಧ್ಯ. 2020ರ ಡಿಸೆಂಬರ್‌ನಲ್ಲಿ ಸಿಂಗಪುರದಿಂದ ಹೊರಟಿದ್ದ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಿ 83 ವರ್ಷದ ಪ್ರಯಾಣಿಕರೊಬ್ಬರ ಪರೀಕ್ಷೆ ಪಾಸಿಟಿವ್ ಬಂತು. ಇಡೀ ಹಡಗು ಬಂದರಿಗೆ ಮರಳಿತು, ಪ್ರಯಾಣಿಕರು ಕ್ಯಾಬಿನ್‌ಗಳಲ್ಲೇ ಉಳಿಯಬೇಕಾಯಿತು. ಮರುಪರೀಕ್ಷೆಯಲ್ಲಿ ಅವರಿಗೆ ಸೋಂಕೇ ಇಲ್ಲವೆಂದು ತಿಳಿಯಿತು. ಆದ್ದರಿಂದ ಲಕ್ಷಣಗಳಿಲ್ಲದೆ ಪಾಸಿಟಿವ್ ಬಂದರೆ ದೃಢೀಕರಣ ಪರೀಕ್ಷೆ ಮಾಡಿಸುವಂತೆ ಕೇಳಲು ಸಂಕೋಚ ಪಡಬೇಕಿಲ್ಲ.

ಹೆಸರಿನ ತೊಡಕು

ದಾಖಲೆಗಳ ವಿಷಯದಲ್ಲಿ ಕನ್ನಡಿಗರಿಗೆ ಎದುರಾಗುವ ದೊಡ್ಡ ತೊಂದರೆ ಇನಿಷಿಯಲ್‌ಗಳದ್ದು. ಆಧಾರ್‌ನಲ್ಲಿ ‘ರಮೇಶ್ ಕೆ. ಎಸ್.’ ಎಂದಿರುವವರ ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಬಿಡಿಸಿ ಬರೆದಿರುತ್ತವೆ. ಕೋವಿನ್ ಪ್ರಮಾಣಪತ್ರ ಆಧಾರ್‌ನಂತೆ, ಲ್ಯಾಬ್ ವರದಿ ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದಂತೆ, ಕ್ರೂಸ್ ಟಿಕೆಟ್ ಮಗಳು ಟೈಪ್ ಮಾಡಿದಂತೆ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿಯಿದ್ದರಂತೂ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರು ಅಕ್ಷರ ಬಂದು ಕೂರುತ್ತದೆ. ಇದಕ್ಕೆ ಪರಿಹಾರವೆಂದರೆ ಪಾಸ್‌ಪೋರ್ಟ್‌ನ ಹೆಸರನ್ನೇ ಮೂಲವಾಗಿಟ್ಟುಕೊಂಡು ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸುವುದು. ಲ್ಯಾಬ್‌ಗೆ ಹೋಗುವಾಗ ಪಾಸ್‌ಪೋರ್ಟನ್ನೇ ಒಯ್ದು, ಅದರ ಸಂಖ್ಯೆಯೂ ಹುಟ್ಟಿದ ದಿನಾಂಕವೂ ವರದಿಯಲ್ಲಿ ಮುದ್ರಿತವಾಗುವಂತೆ ನೋಡಿಕೊಳ್ಳಬೇಕು. ಕೋವಿನ್‌ನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಜೋಡಿಸುವ ಸೌಲಭ್ಯ 2021ರಲ್ಲಿ ಬಂತು, ಪೂರ್ಣ ಹುಟ್ಟಿದ ದಿನಾಂಕವುಳ್ಳ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಅದೇ ವರ್ಷ ಸಿಗತೊಡಗಿತು. ಎಲ್ಲವನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದರೂ ಎರಡು ಪ್ರತಿ ಮುದ್ರಿಸಿ ಕೈಚೀಲದಲ್ಲಿ ಇಡಬೇಕು, ಏಕೆಂದರೆ ಬಂದರಿನಲ್ಲಿ ರೋಮಿಂಗ್ ಸಿಗುತ್ತದೆಂಬ ಭರವಸೆ ಇಲ್ಲ.

ಲಸಿಕೆ ಹಾಕಿಸಿಕೊಂಡಿದ್ದರಷ್ಟೇ ಸಾಲದು, ಹಾಕಿಸಿಕೊಂಡ ಲಸಿಕೆ ಹತ್ತುವ ದೇಶದ ಪಟ್ಟಿಯಲ್ಲಿಯೂ ಇರಬೇಕು. ಕೊವ್ಯಾಕ್ಸಿನ್ ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆ ಪಟ್ಟಿಗೆ ಸೇರಿದ್ದು 2021ರ ನವೆಂಬರ್ 3ರಂದು. ಅಲ್ಲಿಯವರೆಗೆ ಎರಡೂ ಡೋಸ್ ಪಡೆದವರನ್ನು ಹಲವು ದೇಶಗಳು ಲಸಿಕೆ ಪಡೆಯದವರೆಂದೇ ಎಣಿಸುತ್ತಿದ್ದವು. ಕೊನೆಯ ಡೋಸ್‌ನಿಂದ ಎರಡು ವಾರ ಕಳೆದಿರಬೇಕೆಂಬ ಷರತ್ತು ಬಹುತೇಕ ಎಲ್ಲೆಡೆ ಇತ್ತು. ಸಾಂಕ್ರಾಮಿಕವಿರಲಿ ಬಿಡಲಿ, ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳಿಗೆ ಹೋಗುವ ಹಡಗಾದರೆ ಆ ಲಸಿಕೆಯ ಪ್ರಮಾಣಪತ್ರವೂ ಬೇಕು. ಅದು ಚುಚ್ಚುಮದ್ದು ಪಡೆದ ಹತ್ತು ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ.

ಹಡಗಿನಲ್ಲಿ ಸೋಂಕು ಕಂಡರೆ

ನೆಗೆಟಿವ್ ವರದಿಗಳನ್ನು ಹಿಡಿದು ಎಲ್ಲರೂ ಹತ್ತಿದರೂ ಸೋಂಕು ಹಡಗಿನೊಳಗೆ ಬರಬಹುದು, ಏಕೆಂದರೆ ಪರೀಕ್ಷೆಯ ಹಿಂದಿನ ದಿನ ತಗುಲಿದ ಸೋಂಕು ಪರೀಕ್ಷೆಗೆ ಸಿಗುವುದಿಲ್ಲ. 2022ರ ಹೊಸ ವರ್ಷಕ್ಕೆ ಮುಂಬಯಿಯಿಂದ ಗೋವಾಕ್ಕೆ ಬಂದ ಕಾರ್ಡೇಲಿಯಾ ಹಡಗಿನಲ್ಲಿ ಸಿಬ್ಬಂದಿಯೊಬ್ಬರಿಗೆ ಸೋಂಕು ಕಂಡುಬಂದ ನಂತರ ಸುಮಾರು ಎರಡು ಸಾವಿರ ಜನರನ್ನು ಪರೀಕ್ಷಿಸಿದಾಗ 66 ಮಂದಿ ಪಾಸಿಟಿವ್ ಆಗಿದ್ದರು. ಹಡಗು ಮುಂಬಯಿಗೇ ಮರಳಬೇಕಾಯಿತು.

ಇದಕ್ಕೆ ಮನೆಯಲ್ಲೇ ಸಿದ್ಧತೆ ಆಗಿರಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪ್ರವಾಸದ ಅವಧಿಗಿಂತ ಎರಡು ವಾರ ಹೆಚ್ಚಿಗೆ ಒಯ್ಯಬೇಕು, ಜೊತೆಗೆ ವೈದ್ಯರ ಚೀಟಿಯಲ್ಲಿ ಔಷಧದ ಮೂಲನಾಮ (ಜೆನೆರಿಕ್ ಹೆಸರು) ಬರೆಸಿಕೊಳ್ಳಬೇಕು. ಹಿರಿಯರೊಂದಿಗೆ ಹೋಗುವವರು ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗವೆಂದು ಆರಿಸಿಕೊಳ್ಳುವ ಮೊದಲು, ಅದರೊಳಗೆ ಒಂದು ವಾರ ಬಾಗಿಲು ಮುಚ್ಚಿಕೊಂಡು ಇರಲು ಸಾಧ್ಯವೇ ಎಂದು ಯೋಚಿಸಬೇಕು. ಹಡಗಿನ ವೈದ್ಯಕೀಯ ಕೇಂದ್ರದ ಬಿಲ್ಲು ನೇರವಾಗಿ ನಿಮ್ಮ ಹಡಗಿನ ಖಾತೆಗೆ ಸೇರುತ್ತದೆ. ವಿಮೆಯ ಹಣವನ್ನು ನಂತರ ನೀವೇ ಕೇಳಿ ಪಡೆಯಬೇಕಾಗುವುದರಿಂದ ಪ್ರತಿ ರಸೀದಿಯನ್ನೂ ಉಳಿಸಿಕೊಳ್ಳಿ. ಪ್ರಯಾಣ ವಿಮೆ ಕೊಳ್ಳುವಾಗ ‘ಕೋವಿಡ್ ಒಳಗೊಂಡಿದೆ’ ಎಂಬ ಒಂದು ಸಾಲನ್ನು ನಂಬದೆ, ಆಸ್ಪತ್ರೆ ಚಿಕಿತ್ಸೆ, ಚಿಕಿತ್ಸೆ ಅಗತ್ಯವಿಲ್ಲದ ಕ್ವಾರಂಟೈನ್‌ನ ಹೋಟೆಲ್ ವೆಚ್ಚ, ಬದಲಿ ವಿಮಾನದ ಟಿಕೆಟ್, ಸಮುದ್ರದಿಂದ ದಡದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಈ ನಾಲ್ಕೂ ಪಾಲಿಸಿಯಲ್ಲಿ ಇವೆಯೇ ಎಂದು ಬೇರೆ ಬೇರೆಯಾಗಿ ಕೇಳಬೇಕು.

ಹತ್ತುವ ಮುನ್ನ ತುಂಬಿಸುವ ಆರೋಗ್ಯ ಘೋಷಣೆಯಲ್ಲಿ ಜ್ವರ, ಕೆಮ್ಮು ಇದ್ದರೆ ಮುಚ್ಚಿಡಬಾರದು. ಪ್ಯಾರಾಸಿಟಮಾಲ್ ನುಂಗಿ ಥರ್ಮಲ್ ಸ್ಕ್ಯಾನರ್ ದಾಟುವುದು ದೊಡ್ಡ ಕೆಲಸವೇನಲ್ಲ, ಆದರೆ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯಡಿ ಹಡಗಿನಲ್ಲಿರುವ ಕಾಯಿಲೆಯವರ ವಿವರವನ್ನು ಕ್ಯಾಪ್ಟನ್ ಬಂದರಿನ ಆರೋಗ್ಯಾಧಿಕಾರಿಗೆ ಬರೆದು ಕೊಡಬೇಕಾಗುತ್ತದೆ, ಅದರ ಆಧಾರದ ಮೇಲೆಯೇ ಹಡಗಿಗೆ ಪ್ರವೇಶ ಸಿಗುವುದು. ಒಬ್ಬರ ಸುಳ್ಳಿಗೆ ಎಲ್ಲರೂ ದಡಕ್ಕಿಳಿಯದೆ ಕಾಯಬೇಕಾದೀತು.

ಮರಳಿದ ಮೇಲೆ ರಾಜ್ಯದ ನಿಯಮವನ್ನೂ ನೋಡಿಕೊಳ್ಳಬೇಕು. 2021ರಲ್ಲಿ ಮಹಾರಾಷ್ಟ್ರ, ಕೇರಳಗಳಿಂದ ಕರ್ನಾಟಕಕ್ಕೆ ಬರುವವರಿಂದ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಕೇಳುತ್ತಿದ್ದುದರಿಂದ, ಮುಂಬಯಿಯಲ್ಲಿ ಹಡಗಿಳಿದು ಬಸ್ಸಿನಲ್ಲೋ ರೈಲಿನಲ್ಲೋ ಬರುವವರು ಅದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕಾಗಿತ್ತು. ಯಾವ ಸರ್ಕಾರ ಕೇಳಲಿ ಬಿಡಲಿ, ಹಡಗಿಳಿದ ಮೂರರಿಂದ ಐದು ದಿನಗಳ ನಡುವೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವಂತೆ ಸಿಡಿಸಿ ಲಸಿಕೆ ಪಡೆದವರಿಗೂ ಸಲಹೆ ನೀಡಿತ್ತು. ಮನೆಯಲ್ಲಿ ವಯಸ್ಸಾದವರಿದ್ದರೆ ಆ ಫಲಿತಾಂಶ ಬರುವವರೆಗೆ ಬೇರೆ ಕೋಣೆಯಲ್ಲಿ ಇರುವುದು ಒಳ್ಳೆಯದು.