ಗಟ್ಟಿ ಮುಚ್ಚಳ, ಬಿಗಿ ಪ್ಯಾಕೆಟ್, ಸವೆದ ಹೆಬ್ಬೆರಳು: ನನ್ನ ಅನುಭವ

ಒಂದೆರಡು ಮಳೆಗಾಲ ಪೂರ್ತಿ ಕಳೆದ ಮೇಲೆ ಬರೀತಾ ಇದ್ದೀನಿ, ಹಾಗಾಗಿ ಧೈರ್ಯವಾಗಿ ಹೇಳ್ತೀನಿ, ಟಾಯ್ಲೆಟ್ ಕ್ಲೀನರ್ ಒಂದು ಬಿಟ್ರೆ ನಮ್ಮ ಮನೇಲಿ ಈಗ ಮುಚ್ಚಳ ಬಿಚ್ಚೋಕಾಗದೆ ಮೂಲೆಗೆ ಬಿದ್ದಿರೋ ಬಾಟಲಿ ಬೇರೆ ಒಂದೂ ಇಲ್ಲ. ನನಗೆ ಎಪ್ಪತ್ತು ದಾಟಿದೆ, ಎರಡೂ ಹೆಬ್ಬೆರಳ ಬುಡದ ಕೀಲು ಸವೆದಿದೆ, ಹೆಂಡತಿಗೆ ಮಣಿಕಟ್ಟು ನೋವು. ಮಡಿಕೇರಿ ಹತ್ತಿರ ಗಾಳಿಬೀಡು ಕಡೆ ಕಾಫಿ ತೋಟ, ಮನೇಲಿ ಇಬ್ಬರೇ. ಮೊದಲೆಲ್ಲ ತೋಟದ ಕೆಲಸದವರು ಇರೋ ಲೈನ್ ಮನೆಯಿಂದ ಯಾರನ್ನಾದ್ರೂ ಕರೆದು ಬಿಚ್ಚಿಸ್ತಿದ್ವಿ, ಈಗ ಕೆಲಸದವರು ಬೆಳಿಗ್ಗೆ ಜೀಪಲ್ಲಿ ಬಂದು ಸಂಜೆ ಹೋಗ್ತಾರೆ, ರಾತ್ರಿ ಒಂಬತ್ತಕ್ಕೆ ಜೇನಿನ ಬಾಟಲಿ ಬಿಚ್ಚೋಕೆ ಯಾರನ್ನ ಕರೆಯೋದು. ಮಗ ಬೆಂಗಳೂರಿಂದ ಫೋನಲ್ಲಿ "ಅಪ್ಪ ಆನ್‌ಲೈನಲ್ಲಿ ಎಲ್ಲ ಸಿಗುತ್ತೆ, ಮರದ ತುಂಡು ಹಿಡ್ಕೊಂಡು ಯಾಕೆ ಒದ್ದಾಡ್ತೀರ" ಅಂತಿದ್ದ. ಪಕ್ಕದ ತೋಟದವರು ನಕ್ಕಿದ್ರು. ಈಗ ಅವರ ಮನೇಲೂ ಮುಚ್ಚಳ ಬಿಚ್ಚೋಕೆ ನಾನೇ ಮಾಡಿಕೊಟ್ಟ ಕಚ್ಚಿನ ಹಲಗೆ ಗೋಡೆ ಮೇಲುಂಟು.

ಬಟ್ಟೆ ಸುತ್ತೋದು, ಮುಚ್ಚಳ ನೆಲಕ್ಕೆ ಕುಟ್ಟೋದು, ಬಾಗಿಲ ಸಂದಿಗೆ ಸಿಗಿಸೋದು ಎಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ. ದುಡ್ಡು ಹೋದ ಕಥೆ ಮಾತ್ರ ಹೇಳ್ಬೇಕು. ಮೊದಲು ತಗೊಂಡಿದ್ದು ಕೋನ್ ಆಕಾರದ ರಬ್ಬರ್ ಹಿಡಿ, ಮುನ್ನೂರು ಚಿಲ್ಲರೆ. ಬೇಸಿಗೆಯಲ್ಲಿ ಪರವಾಗಿಲ್ಲ, ಜೂನ್ ಬಂತು ಅಂದ್ರೆ ಇಲ್ಲಿನ ಥಂಡಿಗೆ ಎಲ್ಲದರ ಮೇಲೂ ಒಂದು ಪಸೆ ಕೂತಿರುತ್ತಲ್ಲ, ಆಗ ಬರೀ ಜಾರೋದೇ. ಅದೂ ಅಲ್ದೆ ಹಿಂಡಿ ತಿರುಗಿಸೋ ಕೆಲಸ ಮತ್ತೆ ಅದೇ ಹೆಬ್ಬೆರಳಿಗೆ, ಡಾಕ್ಟರು ಬೇಡ ಅಂದಿದ್ದೇ ಅದನ್ನ. ಆಮೇಲೆ ಮಗ ಕಳಿಸಿದ ಬ್ಯಾಟರಿ ಓಪನರ್, ಸಾವಿರದ ಏಳುನೂರೋ ಎಂಟುನೂರೋ. ಬಟನ್ ಒತ್ತಿದ್ರೆ ಎರಡು ದವಡೆ ಮುಚ್ಚಳ ಹಿಡಿಯುತ್ತೆ, ಎರಡು ಬಾಟಲಿ ಹಿಡಿಯುತ್ತೆ, ನೋಡೋಕೆ ಚಂದ. ನಮ್ಮ ಉಪ್ಪಿನಕಾಯಿ ಬಾಟಲಿ ಅಗಲ ಬಾಯಿದು, ಅದಕ್ಕೆ ದವಡೆ ಸಾಲ್ತಿರ್ಲಿಲ್ಲ, ಸಣ್ಣದಕ್ಕೆ ಸರಿ. ಆಗಸ್ಟಲ್ಲಿ ಬ್ಯಾಟರಿ ಜಾಗದಲ್ಲಿ ಹಸಿರು ಕಿಲುಬು ಕಟ್ಟಿ ನಿಂತೇ ಹೋಯ್ತು. ವಾಪಸ್ ತಗೊಳ್ಳೋ ದಿನ ಮುಗಿದಿತ್ತು. ಇನ್ನೊಂದು ಚಾರ್ಜ್ ಮಾಡೋ ತರದ್ದು ನೋಡಿದ್ವಿ, ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರಲ್ಲ, ಬೇಡ ಅಂದೆ. ಪ್ಲಂಬರ್ ಹತ್ರ ಇರೋ ಬೆಲ್ಟ್ ಪಾನಾನೂ ತಂದೆ, ಇನ್ನೂರೈವತ್ತು ಇರ್ಬೇಕು. ಅದು ಹಿಡಿಯುತ್ತೆ, ಭಲೇ ಹಿಡಿಯುತ್ತೆ, ಆದ್ರೆ ಬಾಟಲಿನ ಇನ್ನೊಂದು ಕೈ ಹಿಡೀಬೇಕಲ್ಲ, ಆ ಕೈಯೇ ಸೋಲೋದು. ನನ್ನ ತಲೆಗೆ ಹೊಳೆದಿದ್ದು ಅಲ್ಲೇ. ಮುಚ್ಚಳನ ಮನೆಯ ಗೋಡೆಯೇ ಹಿಡೀಲಿ, ಎರಡೂ ಕೈ ಬಾಟಲಿಗೆ ಇರ್ಲಿ, ತಿರುಗಿಸೋದು ಭುಜ ಮತ್ತು ಸೊಂಟ ಮಾಡ್ಲಿ.

ಹಾಗಾಗಿ ಹಲಗೆಯಲ್ಲಿ ವಿ ಆಕಾರದ ಕಚ್ಚು, ಅದಕ್ಕೆ ಮುಚ್ಚಳ ಸಿಗಿಸಿ ಬಾಟಲಿ ತಿರುಗಿಸೋದು. ಇದನ್ನ ನಾನೇ ಕಂಡುಹಿಡಿದಿದ್ದು ಅಂತ ಹೇಳಲ್ಲ, ಕಪಾಟಿನ ಕೆಳಗೆ ಹೊಡೆಯೋ ಇಂಥದ್ದು ಅಂಗಡಿಯಲ್ಲೂ ಸಿಗುತ್ತೆ, ಆದ್ರೆ ನಮ್ಮ ಬಾಟಲಿಗಳಿಗೆ, ನಮ್ಮ ಮಳೆಗೆ ಅದು ಸರಿ ಬರ್ಬೇಕಲ್ಲ. ಮೊದಲು ಸಿಲ್ವರ್ ಓಕ್ ತುಂಡಲ್ಲಿ ಮಾಡಿಸ್ದೆ, ತೋಟದಲ್ಲಿ ಬಿದ್ದಿತ್ತು ಅಂತ. ಜುಲೈನಲ್ಲಿ ಹಲಗೆ ಬಾಗಿ ಕಚ್ಚು ಅಗಲ ಆಯ್ತು. ಎರಡನೇದು ಹಲಸು, ಮನೆ ಹಿಂದಿನ ಹಳೇ ಮರದ್ದು, ಚೆನ್ನಾಗಿ ಒಣಗಿದ್ದು, ಅದು ಇವತ್ತಿಗೂ ಒಂದು ಎಳೆ ಅಲುಗಿಲ್ಲ. ಕಚ್ಚಿನ ಎರಡೂ ಬದಿಗೆ ಸೈಕಲ್ ಟ್ಯೂಬ್ ಅಂಟಿಸಿದ್ರೆ ಎಣ್ಣೆ ಕೈ ತಾಗಿದ ಮುಚ್ಚಳ ಜಾರುತ್ತೆ. ಎರಡೂ ಬದಿಗೆ ಹ್ಯಾಕ್ಸಾ ಬ್ಲೇಡ್ ಕೂರಿಸಿದ್ರೆ ಮುಚ್ಚಳದ ಅಂಚು ಕಿತ್ತು ಬಣ್ಣ ಹೋಗಿ ಹದಿನೈದು ದಿನಕ್ಕೆ ತುಕ್ಕು. ಕೊನೆಗೆ ಒಂದು ಬದಿ ಟ್ಯೂಬ್, ಒಂದು ಬದಿ ಬ್ಲೇಡ್. ಯಾವ ಬದಿಗೆ ಯಾವುದು ಅನ್ನೋದು ಮುಖ್ಯ, ತಪ್ಪು ಬದಿಗೆ ಹಾಕಿದ್ರೆ ಮುಚ್ಚಳ ಒಳಗೆ ಕಚ್ಚೋ ಬದಲು ಹೊರಗೆ ಉರುಳಿ ಬರುತ್ತೆ. ಬಾಟಲಿನ ಮೇಲಿಂದ ನೋಡಿದ್ರೆ ಗಡಿಯಾರದ ಮುಳ್ಳು ಹೋಗೋ ಕಡೆಗೆ ತಿರುಗಿಸ್ಬೇಕು, ಮುಚ್ಚಳ ಅಲ್ಲ ತಿರುಗೋದು ಬಾಟಲಿ ಅಲ್ವಾ, ಅದನ್ನ ಮನಸ್ಸಲ್ಲಿಟ್ಟು ನೀವೇ ಒಮ್ಮೆ ತಿರುಗಿಸಿ ನೋಡಿದ್ರೆ ಗೊತ್ತಾಗುತ್ತೆ. ಕಚ್ಚಿನ ಕೋನ ಎಷ್ಟು ಅಂತ ನಾನು ಹೇಳಲ್ಲ, ಅದಕ್ಕೆ ನಾನು ಬಹಳ ಮರ ಹಾಳು ಮಾಡಿದ್ದೀನಿ. ಟ್ಯೂಬಿನ ಮೇಲೆ ಆಗಾಗ ಒಂದು ಪುಡಿ ಉಜ್ಜುತ್ತೀನಿ, ನಮ್ಮ ತೋಟದ ಮರದಲ್ಲೇ ಸಿಗೋದು, ಮಳೆಗಾಲದಲ್ಲೂ ಹಿಡಿತ ಬಿಡಲ್ಲ, ಅದೂ ನನ್ನ ಹತ್ರಾನೇ ಇರ್ಲಿ.

ಅಳತೆಗೆ ಹೇಳೋದಾದ್ರೆ ತಗಡಿನ ಮುಚ್ಚಳಗಳು ಹೆಚ್ಚಾಗಿ 63, 70, 82 ಮಿ.ಮೀ. ಬರ್ತವೆ, ನೀರಿನ ಬಾಟಲಿ ಮೂತಿ 28ರ ಆಸುಪಾಸು. ಕಚ್ಚು ಬಾಯಲ್ಲಿ 95 ಇದ್ದು ತುದಿಯಲ್ಲಿ 20ಕ್ಕೆ ಬಂದ್ರೆ ಮನೇಲಿರೋದೆಲ್ಲ ಒಳಗೆ ಬರುತ್ತೆ. ಹಲಗೆನ ಮೊದಲು ಸ್ಲ್ಯಾಬ್ ಅಡಿಗೆ ಹೊಡೆದಿದ್ದೆ, ಬಗ್ಗಿ ಬಗ್ಗಿ ಸೊಂಟ ಹಿಡೀತು. ಈಗ ಗೋಡೆ ಕಪಾಟಿನ ಅಡಿಗೆ, ನನ್ನ ಎದೆ ಎತ್ತರಕ್ಕಿಂತ ಸ್ವಲ್ಪ ಕೆಳಗೆ, ಮೊಣಕೈ ಮೈಗೆ ಒತ್ತಿ ನಿಲ್ಲಬಹುದು, ಹೆಂಡತಿಗೂ ಎಟುಕುತ್ತೆ. ಅವಳು ಉಪ್ಪಿನಕಾಯಿ ಬಾಟಲಿ ಒಬ್ಬಳೇ ಬಿಚ್ಚಿದ್ದು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಯಾಕಂದ್ರೆ ಬಿಚ್ಚೋಕಾಗಲ್ಲ ಅಂತಲೇ ಅವಳು ಊಟಕ್ಕೆ ಉಪ್ಪಿನಕಾಯಿ ಬಿಟ್ಟುಬಿಟ್ಟಿದ್ಲು, ನನ್ನ ಹತ್ರ ಹೇಳ್ಕೊಂಡಿರ್ಲಿಲ್ಲ.

ಹೊಸ ಬಾಟಲಿಗೆ ಮೊದಲು ಗಾಳಿ ಬಿಡ್ಬೇಕು, ಇದನ್ನ ಮಾಡದೆ ತಿರುಗಿಸೋರು ಸುಮ್ನೆ ಕೈ ನೋಯಿಸ್ಕೊಳ್ತಾರೆ. ಸೀಲ್ ಆದ ಬಾಟಲಿ ಒಳಗೆ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ 70ರ ಮುಚ್ಚಳದ ಮೇಲೆ ಹೊರಗಿನ ಗಾಳಿ ಹದಿನೈದು ಇಪ್ಪತ್ತು ಕೆಜಿ ತೂಕ ಹಾಕಿ ಕೂತಿರುತ್ತೆ. ಸೋಡಾ ಓಪನರಿನ ಮೂತಿ ಮುಚ್ಚಳದ ಅಂಚಿಗೆ ಸಿಗಿಸಿ ಬಾಟಲಿ ಭುಜಕ್ಕೆ ಒರಗಿಸಿ ಸ್ವಲ್ಪ ಮೀಟಿದ್ರೆ ಟಕ್ ಅನ್ನುತ್ತೆ, ಅಷ್ಟೇ, ಆಮೇಲೆ ಬೆರಳಲ್ಲೇ ತಿರುಗುತ್ತೆ. ಚಾಕು ತುದಿ ಬೇಡ, ಮುರಿದು ಹಾರುತ್ತೆ. ಬಿಸಿನೀರಿನ ತಟ್ಟೆಯಲ್ಲಿ ತಲೆಕೆಳಗೆ ಇಡೋದೂ ಒಳ್ಳೇದೇ, ಮುಚ್ಚಳದ ಒಳಗಿನ ರಬ್ಬರ್ ತರದ ಲೇಪ ಮೆತ್ತಗಾಗುತ್ತೆ, ಆದ್ರೆ ಫ್ರಿಜ್ಜಿಂದ ತೆಗೆದ ಗಾಜನ್ನ ಹಾಗೆ ಇಡಬೇಡಿ, ಒಡೆಯುತ್ತೆ.

ಇದರ ಮಧ್ಯೆ ಒಂದು ಪರೀಕ್ಷೆ ಮಾಡಿದೆ, ಅದು ಬೇಕಿತ್ತಾ ಅಂತ ಹೆಂಡತಿ ಕೇಳಿದ್ಲು, ನನಗೆ ಬೇಕಿತ್ತು. ಸಂಪಾಜೆ ಘಾಟಿ ಹತ್ತಿ ಬರುವಾಗ ಮಂಗಳೂರಲ್ಲಿ ತಗೊಂಡ ಚಿಪ್ಸ್ ಪ್ಯಾಕೆಟ್ ಉಬ್ಬೋದನ್ನ ಎಲ್ಲರೂ ನೋಡಿದ್ದೀರಿ. ಮಡಿಕೇರಿ 3800 ಅಡಿ ಹತ್ತಿರ ಉಂಟು, ಗಾಳಿಯ ಒತ್ತಡ ಕರಾವಳಿಗಿಂತ ಎಂಟನೇ ಒಂದು ಪಾಲಿನಷ್ಟು ಕಮ್ಮಿ. ಹಾಗಾದ್ರೆ ಇಲ್ಲಿ ಬಿಸಿಯಾಗಿ ತುಂಬಿ ಮುಚ್ಚಿದ ಬಾಟಲಿ ಕೆಳಗೆ ಹೋದ್ರೆ ಇನ್ನೂ ಬಿಗಿ ಆಗ್ಬೇಕಲ್ಲ. ಒಂದೇ ದಿನ ಮಾಡಿದ ನಿಂಬೆಹಣ್ಣಿನ ಉಪ್ಪಿನಕಾಯಿ, ಒಂದೇ ತರದ ಬಾಟಲಿ, ಒಂದು ಇಲ್ಲಿಟ್ಟು ಒಂದನ್ನ ಮಂಗಳೂರಲ್ಲಿರೋ ತಂಗಿಗೆ ಕಳಿಸ್ದೆ. ನಾನು ಇಲ್ಲಿ ಹಲಗೆಗೆ ಸಿಗಿಸಿ ಸಲೀಸಾಗಿ ಬಿಚ್ಚಿದೆ. ತಂಗಿ ಫೋನ್ ಮಾಡಿ ಏನು ಅಂಟು ಹಾಕಿ ಕಳಿಸಿದ್ದೀಯ ಅಂತ ಕೇಳಿದ್ಲು. ಸೋಡಾ ಓಪನರ್ ಹೇಳಿಕೊಟ್ಟೆ, ಆಯ್ತು. ಅವತ್ತಿಂದ ಕೆಳಗಿನ ಊರಿಗೆ ಕಳಿಸೋ ಬಾಟಲಿನ ನಾವು ಪೂರ್ತಿ ತಣಿಸಿಯೇ ಮುಚ್ಚೋದು.

ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಗಟ್ಟಿ ಹುಳಿ) ಮತ್ತು ಜೇನು ಬೇರೆಯೇ ಜಾತಿ. ಇವುಗಳದ್ದು ಗಾಳಿ ಅಲ್ಲ, ಅಂಟು. ಪಂದಿ ಕರಿ, ಅಂದ್ರೆ ಹಂದಿ ಸಾರು ಮಾಡಿದ ದಿನ ಅರ್ಜೆಂಟಲ್ಲಿ ಸುರಿದು ಮೂತಿ ಒರೆಸದೆ ಮುಚ್ಚಿದ್ರೆ ಕಾಚಂಪುಳಿ ಒಣಗಿ ಟಾರ್ ತರ ಕೂರುತ್ತೆ, ತಗಡಿನ ಮುಚ್ಚಳ ಆಗಿದ್ರೆ ಹುಳಿ ತಿಂದು ತುಕ್ಕೂ ಹಿಡಿದಿರುತ್ತೆ. ನಾನೀಗ ಕಾಚಂಪುಳಿಗೆ ತಗಡು ಮುಟ್ಟಿಸೋದೇ ಇಲ್ಲ, ಕಾರ್ಕ್ ಇಲ್ಲಾಂದ್ರೆ ಪ್ಲಾಸ್ಟಿಕ್. ಜೇನಿಗೆ ಮೂತಿಯ ತಿರುಪಿನ ಸುತ್ತುಗಳನ್ನ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಒಂದು ತೊಟ್ಟು ತೆಂಗಿನೆಣ್ಣೆ ಸವರಿ ಮುಚ್ಚೋದು. ಮಳೆಗಾಲ ಶುರುವಾಗೋ ಮುಂಚೆ ಮನೆಯ ಎಲ್ಲ ತಗಡಿನ ಮುಚ್ಚಳಕ್ಕೂ ಇದೇ ಎಣ್ಣೆ, ಅರ್ಧ ದಿನದ ಕೆಲಸ, ಸೆಪ್ಟೆಂಬರ್ ತನಕ ಚಿಂತೆ ಇಲ್ಲ.

ಇನ್ನು ಮಾತ್ರೆ. ನಿಜ ಹೇಳ್ಬೇಕಂದ್ರೆ ಉಪ್ಪಿನಕಾಯಿ ಇಲ್ದಿದ್ರೂ ಊಟ ಆಗುತ್ತೆ, ಬಿಪಿ ಮಾತ್ರೆ ಸ್ಟ್ರಿಪ್ಪಿಂದ ಈಚೆ ಬರದಿದ್ರೆ ಹೇಗೆ. ಎರಡೂ ಕಡೆ ದಪ್ಪ ಅಲ್ಯೂಮಿನಿಯಂ ಇರೋ ಸ್ಟ್ರಿಪ್ ಬಂದ್ಮೇಲೆ ನನ್ನ ಹೆಬ್ಬೆರಳು ಕೈಕೊಟ್ಟೇಬಿಟ್ಟಿತು, ಒತ್ತಿ ಒತ್ತಿ ಮಾತ್ರೆ ಪುಡಿ ಆಗೋದು, ಇಲ್ಲಾಂದ್ರೆ ಹಾರಿ ಮಂಚದ ಅಡಿ. ಎಷ್ಟೋ ಜನ ತಿಂಗಳ ಮಾತ್ರೆ ಎಲ್ಲ ಒಂದೇ ಸಲ ಬಿಡಿಸಿ ಡಬ್ಬಿಗೆ ಹಾಕ್ತಾರೆ, ನಮ್ಮ ಥಂಡಿಗೆ ಅದು ಬೇಡವೇ ಬೇಡ, ಕೆಲವು ಮಾತ್ರೆ ನೀರು ಹೀರಿ ಮೆತ್ತಗಾಗ್ತವೆ. ಸ್ಟ್ರಿಪ್ಪನ್ನ ಒಂದೊಂದೇ ಮನೆಯಾಗಿ ಕತ್ತರಿಸಿ ಇಡೋದಂತೂ ಅಪಾಯ, ನಿದ್ದೆಗಣ್ಣಲ್ಲಿ ಪ್ಯಾಕ್ ಸಮೇತ ನುಂಗಿದ್ರೆ ಆ ಚೂಪು ಮೂಲೆ ಅನ್ನನಾಳ ಕೊಯ್ಯುತ್ತೆ, ವಯಸ್ಸಾದವರಲ್ಲಿ ಇದು ಆಗ್ತಾ ಇರೋ ವಿಷಯ, ದಯವಿಟ್ಟು ಮಾಡಬೇಡಿ. ಎಕ್ಸ್‌ಪೈರಿ ಡೇಟೂ ಹೋಗುತ್ತೆ.

ನಾನು ಮಾಡಿದ್ದು ಒಂದು ಮರದ ಗಟ್ಟಿ. ಅದರಲ್ಲಿ 12 ಮಿ.ಮೀ. ಒಂದು ತೂತು, ಕ್ಯಾಪ್ಸೂಲಿಗೆ ಉದ್ದಕ್ಕೆ ಸುಮಾರು 25ರ ಒಂದು ಸೀಳು, ಕೆಳಗೆ ಸ್ಟೀಲ್ ಬಟ್ಟಲು. ಸ್ಟ್ರಿಪ್ಪಿನ ಚಪ್ಪಟೆ ಫಾಯಿಲ್ ಕಡೆ ಕೆಳಗೆ ಮಾಡಿ ಮಾತ್ರೆನ ತೂತಿನ ಮೇಲೆ ಸರಿಯಾಗಿ ಕೂರಿಸಿ ಮೇಲಿಂದ ಅಂಗೈಯಲ್ಲಿ ಹಿಡಿಯೋಂಥ ಗುಂಡು ಹಿಡಿಯ ಗೂಟದಲ್ಲಿ ಒತ್ತೋದು. ಅಂಗೈ ಒತ್ತುತ್ತೆ, ಹೆಬ್ಬೆರಳಿಗೆ ಕೆಲಸವೇ ಇಲ್ಲ, ಮಾತ್ರೆ ಬಟ್ಟಲಿಗೆ ಠಣ್ ಅಂತ ಬೀಳುತ್ತೆ, ಕರೆಂಟ್ ಇಲ್ದಿದ್ರೂ ಶಬ್ದದಲ್ಲೇ ಗೊತ್ತಾಗುತ್ತೆ. ಗೂಟದ ತುದಿ ಚಪ್ಪಟೆ ಇದ್ರೆ ಮಾತ್ರೆ ಒಡೀತಿತ್ತು, ತುದಿಗೆ ಎಂಸೀಲಲ್ಲಿ ಸ್ವಲ್ಪ ಕುಳಿ ಮಾಡಿದೆ, ನಿಂತಿತು. ಮೆತ್ತನೆ ಎಣ್ಣೆ ಕ್ಯಾಪ್ಸೂಲಿಗೆ ಇದು ಆಗಲ್ಲ, ಹಿಚುಕಿ ಹೋಗುತ್ತೆ, ಅದಕ್ಕೆ ಅವತ್ತಿನ ಒಂದು ಮನೆಯ ಅಂಚು ಕತ್ತರಿಸಿ ಸುಲಿಯೋದೇ. ಇದನ್ನ ನಮ್ಮ ಡಾಕ್ಟರಿಗೆ ತೋರಿಸ್ದೆ, ಇನ್ನೊಂದು ಮಾಡಿಕೊಡಿ ಅಂದ್ರು, ಕೊಟ್ಟೆ.

ಕತ್ತರಿ ವಿಷಯಕ್ಕೆ ಒಂದೇ ಮಾತು, ಸ್ಪ್ರಿಂಗ್ ಇರೋದು ತಗೊಳ್ಳಿ. ತೋಟದಲ್ಲಿ ಕಾಫಿ ಚಿಗುರು ತೆಗೆಯೋ ಕತ್ತರಿಯ ಸಣ್ಣ ಅವತಾರ, ಮಡಿಕೇರಿ ಶುಕ್ರವಾರದ ಸಂತೆಗೆ ಹೋದಾಗ ಪಕ್ಕದ ಅಂಗಡಿಯಲ್ಲಿ ನೂರೈವತ್ತಕ್ಕೋ ಏನೋ ತಂದೆ. ತಾನೇ ತೆರೆದುಕೊಳ್ಳುತ್ತೆ, ಒತ್ತೋದು ಮಾತ್ರ ನಮ್ಮ ಕೆಲಸ. ಹಾಲಿನ ಪ್ಯಾಕೆಟ್, ಮಸಾಲೆ ಪ್ಯಾಕೆಟ್ ಎಲ್ಲ ಅದರಲ್ಲೇ, "ಇಲ್ಲಿ ಹರಿಯಿರಿ" ಅಂತ ಬರೆದಿರೋ ಜಾಗ ನಂಬೋದು ಬಿಟ್ಟಾಯ್ತು. ಮೂಲೆ ಪೂರ್ತಿ ಕತ್ತರಿಸದೆ ತುಂಡು ಪ್ಯಾಕೆಟ್ಟಿಗೇ ನೇತಾಡೋ ಹಾಗೆ ಬಿಡಿ, ಚೂರು ಪ್ಲಾಸ್ಟಿಕ್ ತೋಟಕ್ಕೆ ಹೋಗಲ್ಲ. ಟೂತ್‌ಬ್ರಷ್, ಬ್ಯಾಟರಿ ಬರೋ ಗಟ್ಟಿ ಪ್ಲಾಸ್ಟಿಕ್ಕಿಗೆ ತಗಡು ಕತ್ತರಿ, ಚಾಕು ಹಿಡಿದವರ ಕೈ ಕುಯ್ಯದೆ ಬಿಡಲ್ಲ ಅದು. ನೀರಿನ ಬಾಟಲಿಗೆ ಅಜ್ಜಿ ಕಾಲದ ಅಡಿಕೆ ಕತ್ತರಿ, ಬಾಯಿಗೆ ಟ್ಯೂಬ್ ಸುತ್ತಿ, ಉದ್ದ ಹಿಡಿ ಇರೋದ್ರಿಂದ ಸುಲಭ. ಸಿಲಿಂಡರ್ ಕ್ಯಾಪಿನ ದಾರಕ್ಕೆ ಒಂದು ಗೇಣು ಕೋಲು ತೂರಿಸಿ ಕೋಲನ್ನ ಎರಡೂ ಕೈಯಲ್ಲಿ ಎಳೀರಿ, ದಾರ ಬೆರಳು ಕೊಯ್ಯಲ್ಲ. ಅಕ್ಕಿ ಮೂಟೆಯ ಹೊಲಿಗೆ ಯಾವ ತುದಿಯಿಂದ ಬಿಚ್ಚೋದು ಅಂತ ಕಾಫಿ ಚೀಲ ಹೊಲಿದವರಿಗೆ ನಾನು ಹೇಳ್ಬೇಕಾ.

ಖರ್ಚು ಹೇಳ್ತೀನಿ. ಕೊಂಡು ಎಸೆದಿದ್ದು ಎಲ್ಲ ಸೇರಿ ಎರಡೂವರೆ ಸಾವಿರ ಹತ್ತಿರ. ಹಲಗೆಗೆ ಆಚಾರಿ ಕೂಲಿ ಮುನ್ನೂರು, ಬ್ಲೇಡ್ ಸ್ಕ್ರೂ ನೂರರ ಒಳಗೆ, ಟ್ಯೂಬ್ ಪಂಕ್ಚರ್ ಅಂಗಡಿಯವರು ಸುಮ್ನೆ ಕೊಟ್ರು, ಮಾತ್ರೆ ಗಟ್ಟಿ ನಾನೇ ಕೆತ್ತಿದ್ದು. ಆಚಾರಿ ಮೊದಲು ಇದೆಂಥ ಕೆಲಸ ಸಾರ್ ಅಂದವರು ಈಗ ಯಾರೋ ಕೇಳಿದ್ರು ಅಂತ ನನ್ನ ಹಲಗೆ ಅಳತೆ ತಗೊಂಡು ಹೋಗಿದ್ದಾರೆ. ಬಾಯಿ ಅಗಲ ಬರ್ಕೊಂಡ್ರು, ಕೋನ ನಾನು ಕೊಡಲಿಲ್ಲ.

ಒತ್ತಿ ತಿರುಗಿಸೋ ಚೈಲ್ಡ್ ಲಾಕ್ ಮುಚ್ಚಳಕ್ಕೂ ಹಲಗೆ ಸಾಕು, ಬಾಟಲಿನ ಕೆಳಗಿಂದ ಮೇಲಕ್ಕೆ ದಬ್ಬಿದ್ರೆ ಮೇಲಿನ ಕಪಾಟೇ ಮುಚ್ಚಳನ ಒತ್ತಿ ಹಿಡಿಯುತ್ತೆ, ಹಾಗೇ ತಿರುಗಿಸೋದು. ಮೊಮ್ಮಕ್ಕಳು ರಜೆಗೆ ಬಂದಾಗ ಅಂಥ ಬಾಟಲಿ ಮಾತ್ರ ಬಿಗಿಯಾಗಿ ಮುಚ್ಚಿ ಮೇಲಿಡ್ತೀವಿ. ಇನ್ನೂ ಬಗ್ಗದೆ ಇರೋದು ಟಾಯ್ಲೆಟ್ ಕ್ಲೀನರಿನ ಎರಡು ಪಕ್ಕ ಹಿಚುಕಿ ತಿರುಗಿಸೋ ಮುಚ್ಚಳ. ಅದಕ್ಕೆ ಅಡಿಕೆ ಕತ್ತರಿ ತರದ್ದೇ ಒಂದು ಅಗಲ ಬಾಯಿಯ ಇಕ್ಕಳ ಬಗ್ಗಿಸ್ತಾ ಇದ್ದೀನಿ, ಕಾಫಿ ಕುಯ್ಲು ಶುರುವಾಗೋ ಮುಂಚೆ ಮುಗಿಸ್ಬೇಕು ಅಂತ ಉಂಟು. ಯಾರಾದ್ರೂ ಈಗಾಗಲೇ ಮಾಡಿದ್ರೆ ಇಕ್ಕಳದ ಬಾಯಿಗೆ ಏನು ಅಂಟಿಸಿದ್ರಿ ಅಂತ ಹೇಳಿ, ನನ್ನ ರಬ್ಬರ್ ಅಲ್ಲಿ ನಿಲ್ತಾ ಇಲ್ಲ.