ಕ್ವಾಕಲ್‌ನಲ್ಲಿ ಅಕ್ಷರ ಕತ್ತರಿಸಿ ಕಾಣ್ತಿದ್ರೆ ಹೀಗೆ ಮಾಡಿ

ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟೋ ಸ್ಕ್ರ್ಯಾಬಲ್ ಆಡೋ ಗೆಳೆಯರು ಹೊಸ ಲ್ಯಾಪ್‌ಟಾಪ್ ತಗೊಂಡ ಮಾರನೇ ದಿನವೇ ಫೋನ್ ಮಾಡ್ತಾರೆ, ಕ್ವಾಕಲ್ (ಸ್ಕ್ರ್ಯಾಬಲ್ ಆಡೋ, ಯಾವ ನಡೆ ಒಳ್ಳೇದು ಅಂತ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಮ್) ಕೆಟ್ಟೋಗಿದೆ ಅಂತ. ಕೆಟ್ಟಿರಲ್ಲ. ಬೋರ್ಡಿನ ಮನೆಗಳು ತೀರಾ ಚಿಕ್ಕದಾಗಿರ್ತವೆ, ಇಲ್ಲಾಂದ್ರೆ ನಡೆಗಳ ಪಟ್ಟೀಲಿ ಅಂಕಿಗಳು ಅರ್ಧಕ್ಕೆ ಕತ್ತರಿಸಿರ್ತವೆ. ಒಬ್ರಿಗಂತೂ ಗೆಲುವಿನ ಪರ್ಸೆಂಟ್ 61 ಇದ್ದದ್ದು ಬರೀ 6 ಅಂತ ಕಂಡು, ಒಳ್ಳೇ ನಡೆನೇ ತಪ್ಪು ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ರು, ನೋಡಿ ಹೊಟ್ಟೆ ಉರೀತು.

ಈಗಿನ ಸ್ಕ್ರೀನಲ್ಲಿ ಚುಕ್ಕಿಗಳು ಒತ್ತೊತ್ತಾಗಿರೋದ್ರಿಂದ ವಿಂಡೋಸ್ ಎಲ್ಲಾನೂ 125, 150 ಪರ್ಸೆಂಟಿಗೆ ಹಿಗ್ಗಿಸಿ ತೋರಿಸುತ್ತೆ. ಹಳೇ ಕಾಲದ ಪ್ರೋಗ್ರಾಮಲ್ಲಿ ಅಕ್ಷರ ಹಿಗ್ಗಿದ್ರೂ ಅದು ಕೂರೋ ಜಾಗ ಹಿಗ್ಗಲ್ಲ, ಅಷ್ಟೇ ತೊಂದರೆ. ಲೆಕ್ಕ ಸರಿಯಾಗೇ ಇರುತ್ತೆ. 2006ರಲ್ಲಿ ಟೊರಾಂಟೋದಲ್ಲಿ ಮಾಜಿ ವಿಶ್ವ ಚಾಂಪಿಯನ್ ಡೇವಿಡ್ ಬಾಯ್ಸ್ ಅವರನ್ನ 3-2ರಿಂದ ಸೋಲಿಸಿದ ಪ್ರೋಗ್ರಾಮ್ ಇದು, ಪರದೆ ನೋಡಿ ಅದರ ಲೆಕ್ಕನ ಅನುಮಾನಿಸ್ಬೇಡಿ.

ಮೊದಲು ಆಟನ ಜಿಸಿಜಿ ಫೈಲಾಗಿ (ಸ್ಕ್ರ್ಯಾಬಲ್ ಆಟದ ನಡೆಗಳನ್ನ ಬರೆದಿಡೋ ಫೈಲು) ಸೇವ್ ಮಾಡಿ, ಕ್ವಾಕಲ್ ಮುಚ್ಚಿ.

ಆಮೇಲೆ ಕ್ವಾಕಲ್ ಪ್ರೋಗ್ರಾಮಿನ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬ್.

ಎಲ್ಲರೂ ಎಡವೋದು ಇಲ್ಲಿಂದ ಮುಂದೆ, ಹಾಗಾಗಿ ನಿಧಾನವಾಗಿ ಓದಿ. ಆ ಟ್ಯಾಬಲ್ಲಿ 'ಚೇಂಜ್ ಹೈ ಡಿಪಿಐ ಸೆಟಿಂಗ್ಸ್' ಅನ್ನೋ ಬಟನ್ ಇದೆ, ಒತ್ತಿದ್ರೆ ಇನ್ನೊಂದು ಚಿಕ್ಕ ಕಿಟಕಿ ಬರುತ್ತೆ. ಅದರಲ್ಲಿ ಎರಡು ಭಾಗ. ಕಣ್ಣಿಗೆ ಮೊದಲು ಬೀಳೋದು ಮೇಲಿನದು, ಅದಕ್ಕೇ ಟಿಕ್ ಹಾಕಿ ಏನೂ ಆಗ್ಲಿಲ್ಲ ಅಂತಾರೆ. ನಮಗೆ ಬೇಕಾದ್ದು ಕೆಳಗಿನದು, 'ಓವರ್‌ರೈಡ್' ಅಂತ ಶುರುವಾಗುತ್ತಲ್ಲ ಅದು. ಅದಕ್ಕೆ ಟಿಕ್ ಹಾಕಿದ್ರೂ ಮುಗೀಲಿಲ್ಲ, ಯಾಕಂದ್ರೆ ಅದರ ಕೆಳಗಿನ ಪಟ್ಟೀಲಿ 'ಅಪ್ಲಿಕೇಶನ್' ಅಂತ ಇರುತ್ತೆ, ಅಂದ್ರೆ ಹಿಗ್ಗಿಸೋ ಕೆಲಸನ ಮತ್ತೆ ಪ್ರೋಗ್ರಾಮಿಗೇ ಬಿಟ್ಟಂಗೆ. ಪಟ್ಟಿ ಬಿಚ್ಚಿ 'ಸಿಸ್ಟಮ್' ಆರಿಸಿ. ಚಿಕ್ಕ ಕಿಟಕೀಲಿ ಓಕೆ, ಹಿಂದಿನ ದೊಡ್ಡದ್ರಲ್ಲೂ ಓಕೆ, ಎರಡೂ ಕಡೆ ಒತ್ಲೇಬೇಕು. ಒಂದರಲ್ಲಿ ಒತ್ತಿ ಇನ್ನೊಂದನ್ನ ಕ್ರಾಸ್ ಮಾಡಿ ಮುಚ್ಚೋರನ್ನ ನಾನೇ ಮೂರ್ನಾಲ್ಕು ಜನ ನೋಡಿದೀನಿ.

ಇಡೀ ಕಂಪ್ಯೂಟರ್ ಸ್ಕೇಲನ್ನೇ 100ಕ್ಕೆ ಇಳಿಸೋ ಶಾರ್ಟ್‌ಕಟ್ ಮಾತ್ರ ಬೇಡ. ಕ್ವಾಕಲ್ ಸರಿಹೋಗ್ಬಹುದು, ಆದ್ರೆ ಉಳಿದಿದ್ದೆಲ್ಲ ಇರುವೆ ಸಾಲು ಥರ ಆಗಿ ಕಣ್ಣು ನೋಯುತ್ತೆ. ಪರದೆ ಸರಿಮಾಡ್ತೀವಿ ಅಂತ ದುಡ್ಡು ಕೇಳೋ ಆಪ್‌ಗಳನ್ನೂ ಹಾಕ್ಕೋಬೇಡಿ, ಅವು ಮಾಡೋದೂ ಇದೇ ಟಿಕ್, ಜೊತೆಗೆ ಜಾಹೀರಾತು ಬೇರೆ.

ಈಗ ಕ್ವಾಕಲ್ ತೆರೆದು ಸೇವ್ ಮಾಡಿದ ಆಟ ಹಾಕಿ. 15 ಸಾಲು 15 ಕಂಬ ಪೂರ್ತಿ ಕಾಣ್ಬೇಕು, ಅಂಕಿಗಳು ಕತ್ತರಿಸಿರಬಾರದು. ಆದ್ರೂ ಅನುಮಾನ ಇದ್ರೆ ಜಿಸಿಜಿ ಫೈಲನ್ನ ನೋಟ್‌ಪ್ಯಾಡಲ್ಲಿ ತೆರೀರಿ, ಅದು ಬರೀ ಅಕ್ಷರದ ಫೈಲು. ಒಂದೊಂದು ನಡೆಗೆ ಒಂದೊಂದು ಸಾಲು, ಕೈಲಿದ್ದ ಅಕ್ಷರ, 8ಎಚ್ (8ನೇ ಸಾಲು, ಎಚ್ ಕಂಬ) ಥರ ಜಾಗ, ಪದ, ಸ್ಕೋರು ಎಲ್ಲಾ ಇರುತ್ತೆ, ಬ್ಲ್ಯಾಂಕ್ (ಯಾವ ಅಕ್ಷರಕ್ಕಾದ್ರೂ ಬಳಸ್ಬಹುದಾದ ಖಾಲಿ ಬಿಲ್ಲೆ) ಬಳಸಿದ ಅಕ್ಷರ ಇಂಗ್ಲಿಷ್ ಸಣ್ಣಕ್ಷರದಲ್ಲಿ (ಲೋವರ್‌ಕೇಸ್) ಇರುತ್ತೆ. ಪರದೇಲಿ ಕಂಡಿದ್ದನ್ನ ಅದರ ಜೊತೆ ಹೋಲಿಸಿ ನೋಡಿ.

ಅಕ್ಷರ ಮೊದಲಿಗಿಂತ ಚೂರು ಮಸುಕಾಗುತ್ತೆ. ವಿಂಡೋಸ್ ಇಡೀ ಚಿತ್ರನೇ ಎಳೆದು ದೊಡ್ಡದು ಮಾಡೋದ್ರಿಂದ ಹಾಗೆ. ಬೇಕಿದ್ರೆ ಅದೇ ಪಟ್ಟೀಲಿ 'ಸಿಸ್ಟಮ್ ಎನ್‌ಹಾನ್ಸ್ಡ್' ಕೂಡ ಒಮ್ಮೆ ನೋಡಿ, ನನಗಂತೂ ಮಸುಕಾದ 61 ಸಾಕು.